ತೂಕ ಇಳಿಯಿತು, ಕೊಲೆಸ್ಟೆರಾಲ್ ಏಕೆ ಏರಿತು?

"ಅನ್ನ ಬಿಟ್ಟಾಯಿತು, ರೊಟ್ಟಿ ಚಪಾತಿಗಳನ್ನೂ ಬಿಟ್ಟಾಯಿತು. ಮೂರು ತಿಂಗಳಲ್ಲಿ ಏಳೆಂಟು ಕಿಲೋ ಇಳಿದದ್ದೂ ನಿಜ. ಆದರೆ ರಕ್ತ ಪರೀಕ್ಷೆ ಮಾಡಿಸಿದರೆ ಕೊಲೆಸ್ಟೆರಾಲ್ ಮೊದಲಿಗಿಂತ ಹೆಚ್ಚಾಗಿದೆಯಲ್ಲ!" ಇಂಥ ಕಳವಳದ ಮಾತು ಈಚೆಗೆ ಅನೇಕ ಕುಟುಂಬಗಳಲ್ಲಿ ಕೇಳಿಬರುತ್ತಿದೆ. ಮಾತು ಹೊರಬಿದ್ದ ಕೂಡಲೆ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ‘ಉಣ್ಣುವ ಅನ್ನವನ್ನು ಬಿಡಬಾರದೆಂದು ಮೊದಲೇ ಹೇಳಿರಲಿಲ್ಲವೆ’ ಎಂದು ಹಿರಿಯರು ಪಥ್ಯವನ್ನೇ ನಿಲ್ಲಿಸಲು ಹೇಳುತ್ತಾರೆ. ‘ತೂಕವೇ ಇಳಿದ ಮೇಲೆ ಇನ್ನಾವ ಚಿಂತೆ’ ಎಂದು ಕಿರಿಯರು ಪರೀಕ್ಷೆಯ ಕಾಗದವನ್ನು ಮಡಿಚಿ ಇಡುತ್ತಾರೆ. ಇವೆರಡೂ ಅವಸರದ ತೀರ್ಮಾನಗಳೇ. ತಕ್ಕಡಿಯ ಲೆಕ್ಕ ಬೇರೆ, ರಕ್ತದ ಲೆಕ್ಕ ಬೇರೆ. ತಟ್ಟೆಯಿಂದ ಅನ್ನ ರೊಟ್ಟಿಗಳನ್ನು ತೆಗೆದಾಗ ತೂಕ ಇಳಿಯುವುದು ಸಹಜ. ಆದರೆ ತೆರವಾದ ಆ ಜಾಗದಲ್ಲಿ ಏನು ಬಂದು ಕುಳಿತಿತು ಎಂಬುದನ್ನು ರಕ್ತವು ಬಹುಮಟ್ಟಿಗೆ ಹೇಳುತ್ತದೆ.

ಶರ್ಕರಪಿಷ್ಟವನ್ನು, ಅಂದರೆ ಕಾರ್ಬೋಹೈಡ್ರೇಟನ್ನು, ಕಡಿಮೆ ಮಾಡುವ ಈ ಪಥ್ಯ ನಿನ್ನೆ ಮೊನ್ನೆಯದಲ್ಲ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬ ಸ್ಥೂಲಕಾಯದ ವ್ಯಾಪಾರಿಯು ಬ್ರೆಡ್ಡು, ಸಕ್ಕರೆ, ಆಲೂಗಡ್ಡೆಗಳನ್ನು ಬಿಟ್ಟು ತೂಕ ಇಳಿಸಿಕೊಂಡ ಬಗೆಯನ್ನು 1863ರಲ್ಲಿ ಕಿರುಹೊತ್ತಗೆಯಾಗಿ ಪ್ರಕಟಿಸಿದನು. 1972ರಲ್ಲಿ ಅಮೆರಿಕೆಯ ವೈದ್ಯ ರಾಬರ್ಟ್ ಆಟ್ಕಿನ್ಸ್ ಬರೆದ ಪುಸ್ತಕವು ಅದನ್ನೇ ಲೋಕಪ್ರಸಿದ್ಧಗೊಳಿಸಿತು. ಇಬ್ಬರೂ ಮಾಂಸಾಹಾರಿಗಳು. ಅವರ ಊಟದ ಕ್ರಮವನ್ನು ಶಾಕಾಹಾರಿ ಮನೆಗೆ ತಂದಾಗ ಆಗುವ ಬದಲಾವಣೆಗಳನ್ನು ಅವರು ಯೋಚಿಸಿರಲಿಲ್ಲ. ಆ ಯೋಚನೆ ನಮ್ಮದೇ ಆಗಬೇಕು.

ಕಾಗದದಲ್ಲಿರುವ ಅಂಕಿಗಳು

ಕೊಲೆಸ್ಟೆರಾಲ್ ಎಂಬುದು ಒಂದೇ ಅಂಕಿಯಲ್ಲ. ಕೊಬ್ಬು ನೀರಿನಲ್ಲಿ ಕರಗದಿರುವುದರಿಂದ ಅದನ್ನು ರಕ್ತದಲ್ಲಿ ಸಾಗಿಸಲು ಪ್ರೋಟೀನಿನ ಹೊದಿಕೆಯುಳ್ಳ ಸೂಕ್ಷ್ಮ ಕಣಗಳು ಬೇಕಾಗುತ್ತವೆ. ಅವುಗಳಲ್ಲಿ ಎಲ್.ಡಿ.ಎಲ್. ಎಂಬವು ರಕ್ತನಾಳದ ಗೋಡೆಯೊಳಗೆ ಸೇರಿ ಕಾಲಕ್ರಮದಲ್ಲಿ ನಾಳವನ್ನು ಕಿರಿದಾಗಿಸುತ್ತವೆ. ಎಚ್.ಡಿ.ಎಲ್. ಕಡಿಮೆ ಇರುವವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡುಬರುತ್ತದೆ. ಟ್ರೈಗ್ಲಿಸರೈಡ್ ಎಂಬುದು ಕೊಲೆಸ್ಟೆರಾಲೇ ಅಲ್ಲ. ಅದು ಸಾಗಣೆಯಲ್ಲಿರುವ ಕೊಬ್ಬು. ನಾವು ಹೆಚ್ಚಾಗಿ ಉಂಡ ಪಿಷ್ಟ ಮತ್ತು ಸಕ್ಕರೆಗಳಿಂದ ಯಕೃತ್ತು ಅದನ್ನು ತಯಾರಿಸುತ್ತದೆ.

ಭಾರತೀಯರ ರಕ್ತದಲ್ಲಿ ಎದ್ದು ಕಾಣುವ ದೋಷ ಯಾವುದೆಂಬುದನ್ನು ಇಲ್ಲಿ ನೆನೆಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್ ಮತ್ತು ಚಂಡೀಗಢಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇಕಡಾ 72 ಜನರ ಎಚ್.ಡಿ.ಎಲ್. ಕಡಿಮೆಯಾಗಿತ್ತು. ಸುಮಾರು ಶೇಕಡಾ 30 ಜನರಲ್ಲಿ ಟ್ರೈಗ್ಲಿಸರೈಡ್ ಹೆಚ್ಚಾಗಿತ್ತು. ಎಲ್.ಡಿ.ಎಲ್. ಹೆಚ್ಚಾಗಿದ್ದವರು ಶೇಕಡಾ 12ರಷ್ಟು ಮಾತ್ರ. ಶರ್ಕರಪಿಷ್ಟವನ್ನು ತಗ್ಗಿಸಿದಾಗ ಬೇಗನೆ ಸುಧಾರಿಸುವ ಅಂಕಿಗಳು ಮೊದಲಿನ ಎರಡೇ: ಟ್ರೈಗ್ಲಿಸರೈಡ್ ಇಳಿಯುತ್ತದೆ, ಎಚ್.ಡಿ.ಎಲ್. ಸ್ವಲ್ಪ ಏರುತ್ತದೆ. ಆದ್ದರಿಂದ ಈ ಪಥ್ಯವನ್ನು ಕೇವಲ ಪಾಶ್ಚಾತ್ಯರ ಹುಚ್ಚೆಂದು ತಳ್ಳಿಹಾಕುವುದು ಸರಿಯಲ್ಲ. ಮೂರು ಹೊತ್ತೂ ಅನ್ನವನ್ನೇ ಉಂಡು, ಮೇಲೆ ನಾಲ್ಕು ಲೋಟ ಸಕ್ಕರೆ ಚಹಾ ಕುಡಿದು, ಕುಳಿತು ಕೆಲಸ ಮಾಡುವವನಿಗೆ ಇದರಿಂದ ಉಪಕಾರವೇ ಆಗುವುದು.

ಎಲ್.ಡಿ.ಎಲ್. ಮಾತ್ರ ಬೇರೆ ದಾರಿ ಹಿಡಿಯುತ್ತದೆ. ಕೆಲವರಲ್ಲಿ ಇಳಿಯುತ್ತದೆ, ಬಹಳ ಜನರಲ್ಲಿ ಇದ್ದಂತೆಯೇ ಇರುತ್ತದೆ, ಇನ್ನು ಕೆಲವರಲ್ಲಿ ಏರುತ್ತದೆ.

ಏರುವುದೇಕೆ?

ಮುಖ್ಯ ಕಾರಣ ಅಡುಗೆಮನೆಯಲ್ಲಿಯೇ ಇದೆ. ಯಕೃತ್ತಿನ ಜೀವಕೋಶಗಳ ಮೇಲೆ ಎಲ್.ಡಿ.ಎಲ್. ಕಣಗಳನ್ನು ಹಿಡಿದು ಒಳಕ್ಕೆಳೆಯುವ ಗ್ರಾಹಕಗಳಿರುತ್ತವೆ. ಇವನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಎಂಬ ಅಮೆರಿಕದ ವಿಜ್ಞಾನಿಗಳಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಬೆಣ್ಣೆ, ತುಪ್ಪ, ಕೆನೆ, ಕೊಬ್ಬರಿ ಎಣ್ಣೆಗಳಲ್ಲಿ ಹೇರಳವಾಗಿರುವ ಸಂತೃಪ್ತ ಕೊಬ್ಬು ಈ ಗ್ರಾಹಕಗಳ ಕೆಲಸವನ್ನು ಕುಂಠಿತಗೊಳಿಸುತ್ತದೆ. ಹಿಡಿಯುವ ಕೈಗಳು ಕಡಿಮೆಯಾದಾಗ ಎಲ್.ಡಿ.ಎಲ್. ರಕ್ತದಲ್ಲಿಯೇ ಸುತ್ತುತ್ತಿರುತ್ತದೆ. ಒಂದು ದೊಡ್ಡ ಚಮಚ ತುಪ್ಪದಲ್ಲಿ ಸುಮಾರು 9 ಗ್ರಾಮ್ ಸಂತೃಪ್ತ ಕೊಬ್ಬಿದೆ. ದಿನದ ಆಹಾರಶಕ್ತಿಯಲ್ಲಿ ಇದು ಶೇಕಡಾ 10ನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿಯೂ ಹೇಳಿದೆ. 2000 ಕ್ಯಾಲೊರಿ ಉಣ್ಣುವವನಿಗೆ ಅದು 22 ಗ್ರಾಮಿನಷ್ಟಾಯಿತು. ಬೆಳಗಿನ ಕಾಫಿಗೆ ಬೆಣ್ಣೆ ಬೆರೆಸಿ, ಮಧ್ಯಾಹ್ನದ ಪನ್ನೀರನ್ನು ತುಪ್ಪದಲ್ಲಿ ಹುರಿದು, ರಾತ್ರಿ ಕೆನೆಮೊಸರು ಉಣ್ಣುವವನು ಆ ಮಿತಿಯನ್ನು ಎಲ್ಲಿ ದಾಟಿದನೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಕಾರಣ ನಾರಿನ ಅಭಾವ. ಕಾಳು, ತರಕಾರಿ, ಮೆಂತ್ಯ, ಜವೆಗೋಧಿಗಳಲ್ಲಿರುವ ಕರಗುವ ನಾರು ಕರುಳಿನಲ್ಲಿ ಪಿತ್ತರಸದ ಆಮ್ಲಗಳನ್ನು ಹಿಡಿದು ಹೊರಸಾಗಿಸುತ್ತದೆ. ಕಳೆದುಹೋದ ಪಿತ್ತಾಮ್ಲವನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದಿಂದಲೇ ಕೊಲೆಸ್ಟೆರಾಲನ್ನು ಎಳೆದುಕೊಳ್ಳಬೇಕಾಗುತ್ತದೆ. ಧಾನ್ಯದೊಂದಿಗೆ ಕಾಳುಬೇಳೆಗಳನ್ನೂ ಬಿಟ್ಟವರಿಗೆ ಈ ಲಾಭ ತಪ್ಪಿಹೋಗುತ್ತದೆ.

ತೂಕ ಇಳಿಯುತ್ತಿರುವ ಕಾಲದ್ದೇ ಆದ ಒಂದು ಏರಿಕೆಯೂ ಉಂಟು. ನಮ್ಮ ಬೊಜ್ಜಿನಲ್ಲಿ ಕೊಬ್ಬಿನ ಜೊತೆಗೆ ಕೊಲೆಸ್ಟೆರಾಲೂ ಶೇಖರವಾಗಿರುತ್ತದೆ. ಬೊಜ್ಜು ಕರಗಿದಾಗ ಅದು ರಕ್ತಕ್ಕೆ ಬರುತ್ತದೆ. 1991ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಅತ್ಯಲ್ಪ ಶಕ್ತಿಯ ಆಹಾರದಿಂದ ಸರಾಸರಿ 30 ಕಿಲೋ ಇಳಿಸಿದ ಆರು ಮಹಿಳೆಯರ ಕೊಲೆಸ್ಟೆರಾಲ್ ಮೊದಲು ಇಳಿಯಿತು, ಮುಂದೆ ಆರಂಭದ ಮಟ್ಟಕ್ಕಿಂತಲೂ ಮೇಲೇರಿತು, ತೂಕ ಒಂದು ನೆಲೆಗೆ ನಿಂತ ಮೇಲೆ ತಾನಾಗಿ ತಗ್ಗಿತು. ಆರೇ ಜನರ ಅಧ್ಯಯನವೆಂಬುದು ನಿಜ. ಆದರೂ ಇಳಿಕೆಯ ನಡುವೆ ಮಾಡಿಸಿದ ಒಂದೇ ಪರೀಕ್ಷೆಯಿಂದ ಗಾಬರಿಯಾಗಬಾರದೆಂಬುದಕ್ಕೆ ಅಷ್ಟು ಸಾಕು.

ಇವೆಲ್ಲಕ್ಕಿಂತ ವಿಚಿತ್ರವಾದದ್ದು ಲೆಕ್ಕದಿಂದಲೇ ಬರುವ ಏರಿಕೆ. ಅನೇಕ ಪ್ರಯೋಗಾಲಯಗಳು ಎಲ್.ಡಿ.ಎಲ್. ಅನ್ನು ನೇರವಾಗಿ ಅಳೆಯುವುದಿಲ್ಲ. 1972ರಿಂದ ರೂಢಿಯಲ್ಲಿರುವ ಫ್ರೀಡ್‌ವಾಲ್ಡ್ ಸೂತ್ರದಂತೆ ಒಟ್ಟು ಕೊಲೆಸ್ಟೆರಾಲಿನಿಂದ ಎಚ್.ಡಿ.ಎಲ್. ಅನ್ನೂ ಟ್ರೈಗ್ಲಿಸರೈಡಿನ ಐದನೆಯ ಒಂದು ಭಾಗವನ್ನೂ ಕಳೆದು ಉಳಿದುದನ್ನು ಬರೆಯುತ್ತವೆ. ಉದಾಹರಣೆಗೆ, ಒಬ್ಬರ ಒಟ್ಟು ಕೊಲೆಸ್ಟೆರಾಲ್ 210, ಎಚ್.ಡಿ.ಎಲ್. 36, ಟ್ರೈಗ್ಲಿಸರೈಡ್ 240 ಇತ್ತೆಂದು ತಿಳಿಯೋಣ. ಆಗ ಎಲ್.ಡಿ.ಎಲ್. 126 ಆಗುತ್ತದೆ. ಪಥ್ಯದ ನಂತರ ಒಟ್ಟು 216, ಎಚ್.ಡಿ.ಎಲ್. 42, ಟ್ರೈಗ್ಲಿಸರೈಡ್ 110 ಆಯಿತೆನ್ನೋಣ. ಈಗ ಎಲ್.ಡಿ.ಎಲ್. 152! ಮನೆಯವರ ಎದೆ ಧಸಕ್ಕೆನ್ನುವುದು ಸಹಜವೇ. ಆದರೆ ಒಟ್ಟು ಅಂಕಿಯಿಂದ ಎಚ್.ಡಿ.ಎಲ್. ಒಂದನ್ನೇ ಕಳೆದು ನೋಡಿರಿ: ಮೊದಲೂ 174, ಈಗಲೂ 174. ನಾಳಕ್ಕೆ ಅಪಾಯ ತರುವ ಎಲ್ಲ ಬಗೆಯ ಕಣಗಳಲ್ಲಿರುವ ಕೊಲೆಸ್ಟೆರಾಲಿನ ಮೊತ್ತ ಇದು. ಇದು ಏರಿಲ್ಲ. ಹಾಗೆಂದು ಸಮಾಧಾನಪಡಲೂ ಕಾರಣವಿಲ್ಲ, ಏಕೆಂದರೆ ಇಳಿದೂ ಇಲ್ಲ. ‘ನಾನ್-ಎಚ್.ಡಿ.ಎಲ್.’ ಎಂದು ಕರೆಯುವ ಈ ಅಂಕಿಗೆ ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ವಿಶೇಷ ಮಹತ್ವ ಕೊಟ್ಟಿದೆ. ಸಾಮಾನ್ಯರಲ್ಲಿ ಅದು 130ಕ್ಕಿಂತಲೂ, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಉಳ್ಳವರಲ್ಲಿ 100ಕ್ಕಿಂತಲೂ ಕಡಿಮೆ ಇರಬೇಕೆಂದು ಹೇಳಿದೆ. ಕಳೆಯುವ ಲೆಕ್ಕ ಬಲ್ಲವರು ಯಾರಾದರೂ ಮನೆಯಲ್ಲಿಯೇ ಇದನ್ನು ಕಂಡುಕೊಳ್ಳಬಹುದು.

ತೆಳ್ಳಗಿರುವವರಿಗೆ ಒಂದು ಮಾತು. 41 ಪ್ರಯೋಗಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ಈ ಪಥ್ಯದಿಂದ ಎಲ್.ಡಿ.ಎಲ್. ಏರುವುದು ಸ್ಥೂಲಕಾಯರಲ್ಲಿ ಅಲ್ಲ, ಮೊದಲೇ ತೆಳ್ಳಗಿದ್ದವರಲ್ಲಿ. ಮನೆಯಲ್ಲಿ ಒಬ್ಬರು ಪಥ್ಯ ಹಿಡಿದರೆಂದು ಎಲ್ಲರೂ ಅದೇ ತಟ್ಟೆಗೆ ಕೂಡುವುದು ಆದ್ದರಿಂದ ತರವಲ್ಲ.

ಶಾಕಾಹಾರಿಯ ತಟ್ಟೆ

ದಿನಕ್ಕೆ 130 ಗ್ರಾಮಿಗಿಂತ ಕಡಿಮೆ ಶರ್ಕರಪಿಷ್ಟವಿದ್ದರೆ ಅದನ್ನು ಸಾಮಾನ್ಯವಾಗಿ ಅಲ್ಪಪಿಷ್ಟದ ಆಹಾರವೆನ್ನುತ್ತಾರೆ. ಇಪ್ಪತ್ತರಿಂದ ಐವತ್ತು ಗ್ರಾಮಿನ ಕಠಿಣ ಪಥ್ಯವೇ ‘ಕೀಟೋ’. ಈ ಎರಡನೆಯದು ಶಾಕಾಹಾರಿ ಮನೆಗೆ ಹೊಂದುವುದಿಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ನಮಗೆ ಪ್ರೋಟೀನು ಸಿಗುವುದು ಬೇಳೆಕಾಳುಗಳಿಂದ; ತೊಗರಿಬೇಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಶರ್ಕರಪಿಷ್ಟವೇ. ಅದನ್ನೂ ಬಿಟ್ಟ ಮೇಲೆ ಉಳಿಯುವುದು ಪನ್ನೀರು, ಬೆಣ್ಣೆ, ತುಪ್ಪ. ಎಲ್.ಡಿ.ಎಲ್. ಏರುವ ದಾರಿ ಅದೇ.

ಸೌಮ್ಯವಾದ ಪಥ್ಯದ ವಿಷಯ ಹಾಗಲ್ಲ. ಇಸ್ರೇಲಿನ ಡಿಮೋನಾದ ಒಂದು ಸಂಶೋಧನ ಕೇಂದ್ರದ ನೌಕರರೇ ಬಹುಪಾಲು ಇದ್ದ 322 ಜನರನ್ನು ಎರಡು ವರ್ಷ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಲ್ಪಪಿಷ್ಟದ ಗುಂಪಿನವರಿಗೆ ಕೊಬ್ಬು, ಪ್ರೋಟೀನುಗಳನ್ನು ಸಸ್ಯಮೂಲದಿಂದ ಆರಿಸಿಕೊಳ್ಳಲು ಸೂಚಿಸಲಾಗಿತ್ತು. ಅವರ ತೂಕ ಸರಾಸರಿ 4.7 ಕಿಲೋ ಇಳಿಯಿತು. ಕೊಬ್ಬು ಕಡಿಮೆ ಮಾಡಿದ ಗುಂಪಿನವರದು 2.9 ಕಿಲೋ. ಟ್ರೈಗ್ಲಿಸರೈಡ್ ತಗ್ಗಿತು, ಎಚ್.ಡಿ.ಎಲ್. ಏರಿತು, ಎಲ್.ಡಿ.ಎಲ್. ಹೆಚ್ಚಲಿಲ್ಲ. ಮರುವರ್ಷ, 2009ರಲ್ಲಿ, ಕೆನಡಾದ ಟೊರಾಂಟೋದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. 47 ಜನರಲ್ಲಿ ಒಂದು ಗುಂಪಿಗೆ ಸೋಯಾ, ಗೋಧಿಯ ಅಂಟು, ಬೀಜಗಳು, ತರಕಾರಿ, ಸಸ್ಯಜನ್ಯ ಎಣ್ಣೆಗಳಿಂದ ಕೂಡಿದ ಅಲ್ಪಪಿಷ್ಟದ ಊಟವನ್ನೂ, ಇನ್ನೊಂದಕ್ಕೆ ಪಿಷ್ಟ ಹೆಚ್ಚಾಗಿದ್ದ ಶಾಕಾಹಾರವನ್ನೂ ನಾಲ್ಕು ವಾರ ಕೊಟ್ಟರು. ಎರಡೂ ಗುಂಪಿನವರ ತೂಕ ಸುಮಾರು 4 ಕಿಲೋ ಇಳಿಯಿತು, ಆದರೆ ಎಲ್.ಡಿ.ಎಲ್. ಹೆಚ್ಚು ಇಳಿದದ್ದು ಮೊದಲನೆಯ ಗುಂಪಿನಲ್ಲಿ. ಪಿಷ್ಟವನ್ನು ತಗ್ಗಿಸಿಯೂ ಎಲ್.ಡಿ.ಎಲ್. ಇಳಿಸಬಹುದೆಂದು ಇದರಿಂದ ತಿಳಿಯುತ್ತದೆ.

ಇದಕ್ಕಾಗಿ ಪರದೇಶದ ಪದಾರ್ಥಗಳನ್ನು ಹುಡುಕಬೇಕಾಗಿಲ್ಲ. ಉತ್ತರ ಕರ್ನಾಟಕದ ಮನೆಗಳ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಗಳಲ್ಲಿರುವುದು ಬಹುಮಟ್ಟಿಗೆ ಅಸಂತೃಪ್ತ ಕೊಬ್ಬು. ರೊಟ್ಟಿಯ ಮಗ್ಗುಲಲ್ಲಿ ಚಿಟಿಕೆಯಷ್ಟು ಬಡಿಸುತ್ತಿದ್ದ ಹಿಂಡಿಯನ್ನು ಎರಡು ಚಮಚಕ್ಕೆ ಏರಿಸಿ ರೊಟ್ಟಿಯನ್ನು ಇಳಿಸಿದರೆ ತಟ್ಟೆಯ ಸ್ವರೂಪವೇ ಬದಲಾಗುತ್ತದೆ. ಹಿಂಡಿಗೆ ಉಪ್ಪು ಮಾತ್ರ ಕಡಿಮೆ ಇರಲಿ. ಮೊಳಕೆ ಬರಿಸಿದ ಹೆಸರು, ಮಡಿಕೆಕಾಳಿನ ಪಲ್ಯ, ಮೆಂತ್ಯೆಸೊಪ್ಪು, ಹೀರೇಕಾಯಿ, ಕೆನೆ ತೆಗೆದ ಹಾಲಿನ ಮೊಸರು ಇವೆಲ್ಲ ಇರಬಹುದು. ಸುಮಾರು 40 ಗ್ರಾಮ್ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ 27 ಗ್ರಾಮಿನಷ್ಟು ಶರ್ಕರಪಿಷ್ಟವಿರುತ್ತದೆ. ದಿನಕ್ಕೆ ಅಂಥ ಎರಡು ರೊಟ್ಟಿ, ಒಂದು ಹಿಡಿಗಿಂತ ತುಸು ಹೆಚ್ಚು ಬೇಳೆಕಾಳು, ತರಕಾರಿ, ಮೊಸರು ಸೇರಿದರೂ 130 ಗ್ರಾಮಿನ ಒಳಗೇ ಉಳಿಯುತ್ತದೆ. ತುಪ್ಪವನ್ನು ಪೂರ್ತಿ ಬಿಡಬೇಕೆಂದಿಲ್ಲ. ಸಣ್ಣ ಚಮಚ ಒಂದು ಸಾಕು.

ಸಿರಿಧಾನ್ಯಗಳ ಬಗ್ಗೆ ಇರುವ ಒಂದು ಭ್ರಮೆಯನ್ನೂ ಇಲ್ಲಿಯೇ ಹೇಳಿಬಿಡುವುದು ಲೇಸು. ಅನ್ನದ ಬದಲು ಜೋಳ, ರಾಗಿ ಉಂಡರೆ ಪಿಷ್ಟ ಕಡಿಮೆಯಾಯಿತೆಂದು ಅನೇಕರು ತಿಳಿದಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಮ್ ಅಕ್ಕಿಯಲ್ಲಿ ಸುಮಾರು 78 ಗ್ರಾಮ್, ಜೋಳದಲ್ಲಿ 68, ರಾಗಿಯಲ್ಲಿ 67 ಗ್ರಾಮ್ ಶರ್ಕರಪಿಷ್ಟವಿದೆ. ವ್ಯತ್ಯಾಸ ದೊಡ್ಡದಲ್ಲ. ನಾರಿನಲ್ಲಿ ಮಾತ್ರ ಜೋಳ, ರಾಗಿಗಳು ಮೂರುಪಟ್ಟಿಗೂ ಮಿಗಿಲು. ಅದಕ್ಕಾಗಿ ಅವನ್ನು ಆರಿಸಿಕೊಳ್ಳಿ, ಆದರೆ ಎಣಿಸಿ ಉಣ್ಣಿ.

ಪರೀಕ್ಷೆಯನ್ನು ಪಥ್ಯ ಆರಂಭಿಸುವ ಮೊದಲೇ ಒಮ್ಮೆ ಮಾಡಿಸಬೇಕು. ಹಳೆಯ ಅಂಕಿ ಇಲ್ಲದಿದ್ದರೆ ಹೊಸದು ಏರಿತೋ ಇಳಿಯಿತೋ ಹೇಳುವವರಾರು? ಮೂರು ತಿಂಗಳ ನಂತರ, ತೂಕ ಎರಡು ಮೂರು ವಾರ ಒಂದೇ ನೆಲೆಯಲ್ಲಿದ್ದಾಗ, ಅದೇ ಪ್ರಯೋಗಾಲಯದಲ್ಲಿ, ಹತ್ತು ಹನ್ನೆರಡು ಗಂಟೆ ಉಪವಾಸವಿದ್ದು ಮತ್ತೆ ಮಾಡಿಸಿ. ಮದುವೆ, ಜಾತ್ರೆಗಳ ಹೋಳಿಗೆ ತುಪ್ಪದ ಮಾರನೆಯ ದಿನ ಬೇಡ. ನಾನ್-ಎಚ್.ಡಿ.ಎಲ್. ಏರಿದ್ದರೆ ಮೊದಲು ತುಪ್ಪ, ಬೆಣ್ಣೆ, ಪನ್ನೀರುಗಳನ್ನು ತಗ್ಗಿಸಿ ಕಾಳು, ಎಣ್ಣೆಬೀಜಗಳನ್ನು ಹೆಚ್ಚಿಸಿ ಎರಡು ತಿಂಗಳು ನೋಡಬಹುದು. ಎಲ್.ಡಿ.ಎಲ್. 190 ಮುಟ್ಟಿದ್ದರೆ ಕಾಯಬಾರದು. ಅದು ವಂಶಪಾರಂಪರ್ಯದ ದೋಷವೋ, ಥೈರಾಯ್ಡ್ ಕೊರತೆಯೋ ಆಗಿರಬಹುದು. ತಂದೆಗೋ ಅಣ್ಣನಿಗೋ ಐವತ್ತರೊಳಗೆ ಹೃದಯಾಘಾತವಾಗಿದ್ದರೆ ವೈದ್ಯರಿಗೆ ಅದನ್ನು ತಪ್ಪದೆ ತಿಳಿಸಬೇಕು.

ಹೃದಯಾಘಾತವಾದವರು, ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ತೂಕ ಇಳಿಯಿತೆಂದು ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಗುಳಿಗೆಗಳನ್ನು ತಾವಾಗಿ ನಿಲ್ಲಿಸುವುದು ಪ್ರಾಣಕ್ಕೆ ಎರವಾಗಬಲ್ಲುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಅನ್ನ ರೊಟ್ಟಿಗಳನ್ನು ಒಮ್ಮೆಲೆ ತಗ್ಗಿಸಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಳಿಗೆಗಳನ್ನು ನುಂಗುವವರಲ್ಲಿ ಕಠಿಣ ಪಥ್ಯದಿಂದ ರಕ್ತ ಆಮ್ಲಮಯವಾಗುವ ಭಯವಿದೆ. ಇವರೆಲ್ಲರೂ ಮೊದಲ ರೊಟ್ಟಿಯನ್ನು ಬಿಡುವ ಮುನ್ನವೇ ವೈದ್ಯರನ್ನು ಕಂಡು ಔಷಧದ ಪ್ರಮಾಣವನ್ನು ಗೊತ್ತುಮಾಡಿಕೊಳ್ಳತಕ್ಕದ್ದು. ಗರ್ಭಿಣಿಯರೂ ಬಾಣಂತಿಯರೂ ಈ ಪಥ್ಯವನ್ನು ಹಿಡಿಯಲಾಗದು.