ನೀಲಿ ಪರದೆ ಬಂದರೆ ಕಂಪ್ಯೂಟರ್ ಹ್ಯಾಕ್ ಆಗಿದೆ ಎಂದರ್ಥವೇ?

2024ರ ಜುಲೈ 19ರಂದು ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತುಹೋದವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್-ಇನ್‌ಗೆ ತೊಂದರೆಯಾಯಿತು. ‘ಸೈಬರ್ ದಾಳಿ’ ಎಂಬ ಸುದ್ದಿ ಹರಿದಾಡಿತು. ಆದರೆ ಅದು ದಾಳಿಯಲ್ಲ. ಇದು ಗೊತ್ತಾಗುವುದು ಹೇಗೆ?

ಕಂಪ್ಯೂಟರ್ ಕುಸಿದಾಗ, ಯಾವ ಮೆಮೊರಿ ವಿಳಾಸದಲ್ಲಿ ಕೆಲಸ ನಿಂತಿತು ಎಂಬುದು ಡಂಪ್ ಫೈಲ್‌ನಲ್ಲಿ ಉಳಿಯುತ್ತದೆ. ಆ ವಿಳಾಸ ಬರೀ ಒಂದು ಸಂಖ್ಯೆ. ಕಲಾಸಿಪಾಳ್ಯದಲ್ಲಿ ವಾಹನ ಬಿಡಿಭಾಗಗಳ ಒಂದು ಕಾಂಪ್ಲೆಕ್ಸ್ ಇದೆ, ಅದರಲ್ಲಿ 500ರಿಂದ 579ರವರೆಗೆ ಅಂಗಡಿಗಳಿವೆ ಎಂದುಕೊಳ್ಳಿ. 532ನೇ ಅಂಗಡಿ ಅಲ್ಲೇ ಇರಬೇಕಲ್ಲವೇ? ಪ್ರತಿ ಡ್ರೈವರ್‌ಗೂ ಹೀಗೆಯೇ ಆರಂಭದ ವಿಳಾಸ ಮತ್ತು ಗಾತ್ರ ಇರುತ್ತದೆ. ವಿನ್‌ಡಿಬಿಜಿ ಎಂಬ ಸಾಧನದಲ್ಲಿ ‘ಎಲ್‌ಎಂ ಎ’ ಕಮಾಂಡ್ ಜೊತೆ ವಿಳಾಸ ಕೊಟ್ಟರೆ, ಅದು ಯಾವ ಡ್ರೈವರ್‌ನೊಳಗಿದೆ ಎಂದು ಹೆಸರು ತೋರಿಸುತ್ತದೆ.

ಅಂದು ಸಿಕ್ಕಿದ್ದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ‘ಸಿಎಸ್‌ಏಜೆಂಟ್’ ಡ್ರೈವರ್. ಕಂಪನಿಯೇ ಕಳಿಸಿದ ದೋಷವಿದ್ದ ಅಪ್‌ಡೇಟ್ ಓದುವಾಗ ಅದು ಮಿತಿ ಮೀರಿ ಮೆಮೊರಿಗೆ ಕೈ ಹಾಕಿತ್ತು.

ನೆನಪಿಡಿ: ಹೆಸರು ಸಿಕ್ಕಿತೆಂದರೆ ತಪ್ಪಿತಸ್ಥ ಸಿಕ್ಕಂತಲ್ಲ. ಬೇರೊಂದು ಡ್ರೈವರ್ ಕೆಡಿಸಿಟ್ಟ ಮೆಮೊರಿಯಿಂದಲೂ ಇದು ಕುಸಿಯಬಹುದು. ಪರಿಣತರೇ ಇಷ್ಟು ಪರೀಕ್ಷಿಸುವಾಗ, ‘ಹ್ಯಾಕ್ ಆಗಿದೆ’ ಎಂಬ ಸಂದೇಶವನ್ನು ನಾವು ಪರೀಕ್ಷಿಸದೆ ಫಾರ್ವರ್ಡ್ ಮಾಡುವುದು ಸರಿಯಲ್ಲ.