ಒಂದು ಗಿಟಾರಿಗೆ ಎರಡು ವಾಲ್ವ್ ಆಂಪ್

ಆಳಂದದ ಲಾಡ್ಲೆ ಮಶಾಕ್ ದರ್ಗಾದ ಉರುಸಿರಲಿ, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ದತ್ತ ಜಯಂತಿ ಇರಲಿ, ಜೇವರ್ಗಿ ಕಡೆಯ ಜಾತ್ರೆಯ ನಾಟಕವಿರಲಿ, ಮೈಕ್ ಸೆಟ್ಟಿನವರಿಲ್ಲದೆ ಕೆಲಸ ನಡೆಯದು. ಒಂದು ಆಂಪ್ಲಿಫೈಯರ್ ಸಾಲದಾದಾಗ ಇನ್ನೊಂದನ್ನು ತಂದು ಜೋಡಿಸುತ್ತಾರೆ, ಕಂಬ ಕಂಬಕ್ಕೆ ಭೋಂಗಾ ಕಟ್ಟುತ್ತಾರೆ. ಆಗ ಅವರನ್ನು ಕಾಡುವ ತೊಡಕುಗಳೇ, ಒಂದು ಗಿಟಾರಿನ ದನಿಯನ್ನು ಎರಡು ಮೂರು ಹೈ-ಗೇನ್ ವಾಲ್ವ್ ಆಂಪ್‌ಗಳಿಗೆ ಹಂಚಿ ಸ್ಟೀರಿಯೋದಲ್ಲಿ ನುಡಿಸುವ ರಾಕ್ ವಾದಕನನ್ನೂ ಕಾಡುತ್ತವೆ. ಅಂಥ ಆಂಪ್ ಈ ಮೂರು ತಾಲ್ಲೂಕುಗಳಲ್ಲಿ ಅಪರೂಪ. ಆದರೂ ಇಲ್ಲಿನ ಮೈಕ್ ಸೆಟ್ಟಿನ ಹುಡುಗನಿಗೆ ಅದರ ಅರ್ಧ ವಿದ್ಯೆ ಆಗಲೇ ಗೊತ್ತಿರುತ್ತದೆ.

ವಾಲ್ವ್ ಎಂದರೆ ಹಳೆಯ ರೇಡಿಯೋದೊಳಗೆ ಕೆಂಪಗೆ ಮಿನುಗುತ್ತಿದ್ದ ಗಾಜಿನ ಬುರುಡೆ. ಅದು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವ್ ತಯಾರಿಕೆಗೆ ಇಳಿಯಿತು. ಅಲ್ಲಿ ತಯಾರಾದವುಗಳಲ್ಲಿ ಇಸಿಸಿ83 ಕೂಡ ಒಂದು. ಅಮೆರಿಕದವರು ಅದನ್ನೇ 12ಎಎಕ್ಸ್7 ಎನ್ನುತ್ತಾರೆ. ಗಿಟಾರ್ ಆಂಪ್‌ಗಳ ಮೊದಲ ಹಂತಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ ವಾಲ್ವ್. ಒಂದೇ ಗಾಜಿನೊಳಗೆ ಎರಡು ಟ್ರಯೋಡ್‌ಗಳಿರುತ್ತವೆ. ಒಂದೊಂದೂ ದನಿಯನ್ನು ಹತ್ತಾರು ಪಟ್ಟು ಹಿಗ್ಗಿಸುತ್ತದೆ. ಹೈ-ಗೇನ್ ಆಂಪಿನಲ್ಲಿ ಇಂಥ ಮೂರು ನಾಲ್ಕು ಹಂತಗಳನ್ನು ಒಂದರ ಹಿಂದೊಂದು ಪೋಣಿಸುತ್ತಾರೆ. ಕೊನೆಯ ಹಂತಕ್ಕೆ ಬರುವ ಹೊತ್ತಿಗೆ ಅಲೆಯ ತಲೆ ಕತ್ತರಿಸಿ ಹೋಗಿ, ತಂತಿಯ ಸಾದಾ ದನಿ ಗರಗಸದ ಗರ್ಜನೆಯಾಗುತ್ತದೆ.

ಇಲ್ಲಿಯೇ ಮೊದಲ ಬಲೆ. ಸಾಮಾನ್ಯ ಜೋಡಣೆಯಲ್ಲಿ ಪ್ರತಿ ಟ್ರಯೋಡ್ ಹಂತವೂ ಅಲೆಯನ್ನು ತಲೆಕೆಳಗು ಮಾಡುತ್ತದೆ. ಒಂದು ಆಂಪಿನಲ್ಲಿ ಮೂರು ಹಂತ, ಇನ್ನೊಂದರಲ್ಲಿ ನಾಲ್ಕು ಇದ್ದರೆ, ಒಂದರ ಸ್ಪೀಕರ್ ಕೋನ್ ಮುಂದೆ ನುಗ್ಗುವಾಗ ಇನ್ನೊಂದರದು ಹಿಂದೆ ಸರಿಯಬಹುದು. ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತದೆ. ಎರಡೂ ಬೇರೆ ಬೇರೆಯಾಗಿ ಚೆನ್ನಾಗಿಯೇ ಕೇಳುತ್ತವೆ. ಕೂಡಿಸಿದಾಗ ಮಾತ್ರ ಬೇಸ್ ಮಾಯವಾಗಿ ದನಿ ತೆಳ್ಳಗಾಗುತ್ತದೆ. ಜಾತ್ರೆಯಲ್ಲಿ ಒಂದು ಬಾಕ್ಸಿನ ವೈರು ಅದಲುಬದಲಾದರೆ ಆಗುವುದೂ ಇದೇ. ಗೇನ್ ಏರಿಸಿ ಇದನ್ನು ಸರಿಪಡಿಸಲು ಹೋಗುವವರೇ ಹೆಚ್ಚು, ಅದರಿಂದ ಏನೂ ಆಗುವುದಿಲ್ಲ. ಆಂಪ್ ಆರಿಸಿ, ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲು ಮಾಡಿ ಮತ್ತೆ ಕೇಳಿ. ಎರಡು ಸ್ಪೀಕರ್‌ಗಳ ವೈರಿಂಗ್ ಬಗ್ಗೆಯೇ ಅನುಮಾನವಿದ್ದರೆ, ಅವನ್ನು ಆಂಪಿನಿಂದ ಬಿಡಿಸಿ ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲನ್ನು ಅರೆಗಳಿಗೆ ತಾಕಿಸಿ ನೋಡಬಹುದು: ಪ್ಲಸ್‌ಗೆ ಪ್ಲಸ್ ಸೇರಿದರೆ ಕೋನ್ ಹೊರಕ್ಕೆ ಚಿಮ್ಮುತ್ತದೆ.

ಎರಡನೆಯ ತೊಡಕು ಗುಂಯ್ ಎನ್ನುವ ಹಮ್. ಎರಡು ಆಂಪ್‌ಗಳೂ ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥಿಂಗ್ ಪಡೆದಿರುತ್ತವೆ. ಗಿಟಾರಿನ ದನಿ ಹಂಚುವ ಕೇಬಲಿನ ಹೊರ ಜಾಲರಿ ಅವುಗಳ ಲೋಹದ ಚೌಕಟ್ಟುಗಳನ್ನು ಇನ್ನೊಂದು ದಾರಿಯಲ್ಲೂ ಸೇರಿಸಿಬಿಡುತ್ತದೆ. ಹೀಗೆ ಆದ ಸುತ್ತಿನಲ್ಲಿ ನಮ್ಮ 50 ಹರ್ಟ್ಸ್ ಕರೆಂಟು ಸುಳಿದಾಡಿ, ಹೈ-ಗೇನ್ ಹಂತಗಳು ಅದನ್ನೂ ನೂರಾರು ಪಟ್ಟು ಹಿಗ್ಗಿಸುತ್ತವೆ. ಒಂದು ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸಿದರೆ ಹಮ್ ನಿಲ್ಲುತ್ತದೆ, ನಿಜ. ಆದರೆ ಆಂಪಿನೊಳಕ್ಕೆ ಬರುವುದು 230 ವೋಲ್ಟಿನ ಮೇನ್ಸ್ ಕರೆಂಟು. ಅದು ಚೌಕಟ್ಟಿಗೆ ತಾಕಿದ ದಿನ ಹಿಡಿದವನ ಕೈಯಲ್ಲಿರುವುದು ಲೋಹದ ತಂತಿಯ ಗಿಟಾರು. ಹಾಗಾಗಿ ಅರ್ಥ್ ಮುಟ್ಟದೆ, ಎರಡನ್ನೂ ಒಂದೇ ಬೋರ್ಡಿಗೆ ಹಚ್ಚಿ, ಒಂದು ಆಂಪಿಗೆ ಹೋಗುವ ದನಿಯ ಕೇಬಲಿನ ನಡುವೆ ಪುಟ್ಟ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇಡಬೇಕು. ಇನ್ನೊಂದು ಎಚ್ಚರಿಕೆ: ಪ್ರತಿ ಆಂಪಿಗೂ ಅದರದೇ ಸ್ಪೀಕರ್, ಸರಿಯಾದ ಓಮ್‌ನದು. ಎರಡು ಆಂಪ್‌ಗಳ ಔಟ್‌ಪುಟ್ಟನ್ನು ಒಂದೇ ಸ್ಪೀಕರಿಗೆ ಕಟ್ಟಿದರೂ, ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ ನುಡಿಸಿದರೂ ಆಂಪಿನೊಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು.

ಇಷ್ಟೆಲ್ಲ ಪಾಡು ಏಕೆ? ಸದ್ದು ಹೆಚ್ಚಲೆಂದೇನೂ ಅಲ್ಲ. 100 ವಾಟಿನ ಆಂಪಿನ ಜೊತೆ ಇನ್ನೊಂದು 100 ವಾಟ್ ಸೇರಿದರೆ ಶಕ್ತಿಯ ಲೆಕ್ಕದಲ್ಲಿ ಹೆಚ್ಚುವುದು ಬರೀ 3 ಡೆಸಿಬೆಲ್. ಕಿವಿಗೆ ಇಮ್ಮಡಿ ಅನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಎರಡು ಬೇರೆ ಬೇರೆ ಗುಣದ ಆಂಪ್‌ಗಳನ್ನು, ಒಂದನ್ನು ಎಡಕ್ಕೂ ಒಂದನ್ನು ಬಲಕ್ಕೂ ಇಟ್ಟಾಗ ದನಿ ಅಗಲವಾಗುತ್ತದೆ, ಒಬ್ಬ ನುಡಿಸಿದ್ದು ಇಬ್ಬರು ನುಡಿಸಿದಂತೆ ಕೇಳುತ್ತದೆ. ಒಂದು ಬದಿಯ ದನಿಯನ್ನು 10–20 ಮಿಲಿಸೆಕೆಂಡ್ ತಡವಾಗಿಸಿದರೆ ಅಗಲ ಇನ್ನೂ ಹೆಚ್ಚು. ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿಜ್ಞಾನಿ 1949ರಲ್ಲಿ ಬರೆದ ಪ್ರಬಂಧದಿಂದ ಈ ಗುಣಕ್ಕೆ ಅವರ ಹೆಸರೇ ನಿಂತಿದೆ: ಹಿಂದೆಯೇ ಬಂದ ಎರಡನೆಯ ದನಿಯನ್ನು ಕಿವಿ ಮೊದಲನೆಯದರೊಂದಿಗೇ ಬೆರೆಸಿಕೊಳ್ಳುತ್ತದೆ, ಮೊದಲು ಬಂದ ದಿಕ್ಕನ್ನೇ ನಂಬುತ್ತದೆ. ತಡ ಇನ್ನೂ ಹೆಚ್ಚಾದರೆ ಪ್ರತಿಧ್ವನಿಯಾಗುತ್ತದೆ.

ಬಯಲಿನಲ್ಲಿ ಈ ತಡವನ್ನು ಗಾಳಿಯೇ ಮಾಡಿಕೊಡುತ್ತದೆ. ಕಲಬುರಗಿ ಸೀಮೆಯ 40 ಡಿಗ್ರಿ ಬಿಸಿಲಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 355 ಮೀಟರ್. 35 ಮೀಟರ್ ದೂರದ ಭೋಂಗಾದ ದನಿ ಹತ್ತಿರದ್ದಕ್ಕಿಂತ ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ತಡವಾಗಿ ಬರುತ್ತದೆ. ಜಾತ್ರೆಯಲ್ಲಿ ಮಾತು ಎರಡೆರಡು ಸಲ ಕೇಳುವುದು ಇದಕ್ಕೇ. ಅಲ್ಲಿ ಎಡಬಲದ ಸ್ಟೀರಿಯೋಗೆ ಅರ್ಥವಿಲ್ಲ. ಎಡಗಡೆ ಕೂತವನಿಗೆ ಎಡದ ಆಂಪ್ ಮಾತ್ರ ಕೇಳುತ್ತದೆ. ಇನ್ನು ಎರಡು ಆಂಪ್‌ಗಳ ದನಿಯನ್ನು ಮಿಕ್ಸರಿನಲ್ಲಿ ಕೂಡಿಸಿ ಎಲ್ಲ ಭೋಂಗಾಗಳಿಗೆ ಒಂದೇ ತಂತಿಯಲ್ಲಿ ಕಳಿಸಿದರೆ, ಆ 10–20 ಮಿಲಿಸೆಕೆಂಡಿನ ತಡವೇ ತಿರುಗಿಬಿದ್ದು ಕೆಲವು ಸ್ವರಗಳನ್ನು ಅಳಿಸುತ್ತದೆ, ಕೆಲವನ್ನು ಉಬ್ಬಿಸುತ್ತದೆ. ಅಂಥಲ್ಲಿ ಒಂದೇ ಆಂಪಿನ ಮುಂದೆ ಮೈಕ್ ಇಟ್ಟು ಅದನ್ನಷ್ಟೇ ಭೋಂಗಾಗಳಿಗೆ ಕೊಟ್ಟು, ಎರಡನೆಯದನ್ನು ಸ್ಟೇಜಿನ ಮುಂದೆ ಕೂತವರಿಗೆ ಬಿಡುವುದು ಲೇಸು.