ಎರವಲು ಹೋಗಿ ಬಂದ ಕಥೆಗಳು

ಮೊನ್ನೆ ನಮ್ಮ ಮನೆಯಲ್ಲೊಂದು ಸಣ್ಣ ರಂಪ. ಆರನೆಯ ತರಗತಿಯ ಮೊಮ್ಮಗ ತನ್ನ ಹ್ಯಾರಿ ಪಾಟರ್ ಪುಸ್ತಕವನ್ನು ಗೆಳೆಯನಿಗೆ ಓದಲು ಕೊಟ್ಟಿದ್ದ. ಎರಡು ತಿಂಗಳಾದ ಮೇಲೆ ಅದು ಹೊಲಿಗೆ ಬಿಟ್ಟು, ರಟ್ಟಿನ ಮೇಲೆ ಸಾರಿನ ಕಲೆ ಹೊತ್ತು ಮನೆಗೆ ಬಂತು. "ಇನ್ನು ಮೇಲೆ ಯಾರಿಗೂ ಪುಸ್ತಕ ಕೊಡಕೂಡದು" ಎಂದು ಸೊಸೆ ಅಪ್ಪಣೆ ಹೊರಡಿಸಿದಳು. ಹುಡುಗ ನನ್ನ ಕಡೆ ತಿರುಗಿ, "ತಾತ, ಅವನೂ ನಂಗೊಂದು ಪುಸ್ತಕ ಕೊಟ್ಟಿದ್ದಾನೆ. ಅದನ್ನ ಓದಬಹುದಾ?" ಎಂದ.

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು. ಕೊಟ್ಟ ಸಾಲವೆಲ್ಲ ಸರಿಯಾಗಿ ಬರುವುದಿಲ್ಲವೆಂದು ಸಾಲ ಕೊಡುವುದನ್ನೇ ಬಿಟ್ಟರೆ ಬ್ಯಾಂಕಿಗೆ ಬೀಗ ಹಾಕಬೇಕಾಗುತ್ತದೆ. ಇದನ್ನು ನೇರವಾಗಿ ಹೇಳಿದರೆ ಸೊಸೆಗೆ ಬೇಸರ. ಆದ್ದರಿಂದ ಇಬ್ಬರನ್ನೂ ಕೂರಿಸಿಕೊಂಡು ಒಂದು ಕಥೆ ಹೇಳಿದೆ.

ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಜೆ.ಆರ್.ಆರ್. ಟೋಲ್ಕಿನ್ ಎಂಬ ಪ್ರಾಧ್ಯಾಪಕರಿದ್ದರು. ನಾಲ್ಕು ಮಕ್ಕಳ ಸಂಸಾರ. ಖರ್ಚಿಗೆ ನಾಲ್ಕು ಕಾಸು ಹೆಚ್ಚು ಸಿಗಲೆಂದು ಬೇಸಿಗೆಯಲ್ಲಿ ಶಾಲಾ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದರು. ಒಂದು ಸಲ ಯಾರೋ ಒಬ್ಬ ವಿದ್ಯಾರ್ಥಿ ಒಂದು ಪುಟ ಖಾಲಿ ಬಿಟ್ಟಿದ್ದ. ಟೋಲ್ಕಿನ್ ಅದರ ಮೇಲೆ, ನೆಲದೊಳಗಿನ ಬಿಲದಲ್ಲಿ ವಾಸಿಸುವ 'ಹಾಬಿಟ್' ಎಂಬುದರ ಬಗ್ಗೆ ಒಂದು ಸಾಲು ಗೀಚಿದರು. ಹಾಬಿಟ್ ಎಂದರೆ ಏನೆಂದು ಆಗ ಅವರಿಗೂ ಗೊತ್ತಿರಲಿಲ್ಲವಂತೆ! ಆ ಸಾಲು ಬೆಳೆದು ಕಥೆಯಾಯಿತು. ಅವರದನ್ನು ಮನೆಯ ಮಕ್ಕಳಿಗೆ ಹೇಳಿದರು. ಅಚ್ಚು ಹಾಕಿಸುವ ಅವಸರವೇನೂ ಇರಲಿಲ್ಲ.

ಆದರೆ ಟೈಪ್ ಮಾಡಿದ ಪ್ರತಿಯನ್ನು ಗೆಳೆಯರಿಗೆ ಓದಲು ಕೊಡುತ್ತಿದ್ದರು. ಜೆರಾಕ್ಸ್ ಇಲ್ಲದ ಕಾಲ. ಕಳೆದರೆ ಮತ್ತೆ ಕೂತು ಟೈಪ್ ಮಾಡಬೇಕು. 1933ರ ಆರಂಭದಲ್ಲಿ ಅದನ್ನು ಓದಿದವರು ಅದೇ ಊರಿನ ಅಧ್ಯಾಪಕ ಸಿ.ಎಸ್. ಲೂಯಿಸ್. ಮುಂದೆ 'ನಾರ್ನಿಯಾ' ಕಥೆಗಳನ್ನು ಬರೆದರಲ್ಲ, ಅವರೇ. ಓದಿ ಹಿಗ್ಗಿ ಇನ್ನೊಬ್ಬ ಗೆಳೆಯನಿಗೆ ಪತ್ರ ಬರೆದರು. ಎಲೇನ್ ಗ್ರಿಫಿತ್ಸ್ ಎಂಬ ಹಳೆಯ ವಿದ್ಯಾರ್ಥಿನಿಯೂ ಓದಿದ್ದರು. 1936ರಲ್ಲಿ ಆಕೆ, ಲಂಡನ್ನಿನ ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದ ಪರಿಚಯದ ಸೂಸನ್ ಡ್ಯಾಗ್ನಲ್ ಅವರಿಗೆ, ಪ್ರೊಫೆಸರರ ಹತ್ತಿರ ಒಂದು ಒಳ್ಳೆಯ ಕಥೆಯಿದೆ ಎಂದರು. ಸೂಸನ್ ಎರವಲು ಪಡೆದು ಓದಿ, ಮುದ್ರಣಕ್ಕೆ ಸಿದ್ಧಪಡಿಸಿ ಕಳಿಸಿ ಎಂದು ದುಂಬಾಲು ಬಿದ್ದರು.

ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ ಅದನ್ನು ತಮ್ಮ ಹತ್ತು ವರ್ಷದ ಮಗ ರೇನರ್ ಕೈಗೆ ಕೊಟ್ಟರು. ಮಕ್ಕಳ ಪುಸ್ತಕ ಓದಿ ಅಭಿಪ್ರಾಯ ಬರೆದುಕೊಟ್ಟರೆ ಹುಡುಗನಿಗೆ ಒಂದು ಶಿಲಿಂಗ್ ಸಂಭಾವನೆ. (ಮೊಮ್ಮಗನ ಕಿವಿ ನೆಟ್ಟಗಾಗಿದ್ದು ಇಲ್ಲಿ!) ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆಲ್ಲ ಹಿಡಿಸುತ್ತದೆ ಎಂದು ತನಗೆ ಹತ್ತಾದ ಗತ್ತಿನಲ್ಲಿ ರೇನರ್ ಶಿಫಾರಸು ಬರೆದ. 1937ರ ಸೆಪ್ಟೆಂಬರ್ 21ರಂದು 'ದಿ ಹಾಬಿಟ್' ಹೊರಬಂತು. ಮೊದಲ 1500 ಪ್ರತಿ ಕ್ರಿಸ್‌ಮಸ್‌ಗೆ ಮುಂಚೆಯೇ ಖಾಲಿ. ಪತ್ರಿಕೆಯಲ್ಲಿ ಹೆಸರು ಹಾಕದೆ ಹೊಗಳಿ ವಿಮರ್ಶೆ ಬರೆದವರು ಗೆಳೆಯ ಲೂಯಿಸರೇ. ನಮ್ಮ ಬ್ಯಾಂಕಿನಲ್ಲಾಗಿದ್ದರೆ ಇನ್‌ಸ್ಪೆಕ್ಷನ್‌ನವರು ಆಕ್ಷೇಪಣೆ ಎತ್ತುತ್ತಿದ್ದರು.

ಅದೇ ರೇನರ್ ದೊಡ್ಡವನಾಗಿ ಪ್ರಕಾಶನದಲ್ಲಿ ಕೂತಾಗ ಟೋಲ್ಕಿನ್ನರ 'ಲಾರ್ಡ್ ಆಫ್ ದಿ ರಿಂಗ್ಸ್' ಬಂತು. ಸಾವಿರ ಪೌಂಡ್ ನಷ್ಟವಾದೀತೆಂದು ತಂದೆಗೆ ಮುಂಚಿತವಾಗಿಯೇ ತಿಳಿಸಿ ಒಪ್ಪಿಗೆ ಪಡೆದ. ಖರ್ಚು ಹುಟ್ಟುವವರೆಗೆ ಲೇಖಕರಿಗೆ ಏನೂ ಇಲ್ಲ, ಆಮೇಲೆ ಲಾಭದಲ್ಲಿ ಅರ್ಧ ಎಂದು ಕರಾರು. 1954–55ರಲ್ಲಿ ಮೂರು ಸಂಪುಟ ಬಂದವು. ಆ ಅರ್ಧ ಎಷ್ಟಕ್ಕೆ ಬೆಳೆಯಿತೆಂದು ಬೇರೆ ಹೇಳಬೇಕಿಲ್ಲ.

"ಮಾವ, ಅವರೆಲ್ಲ ಜೋಪಾನವಾಗಿ ವಾಪಸು ಕೊಟ್ಟಿದ್ದರು" ಎಂದಳು ಸೊಸೆ. ಸರಿಯಾದ ಪಾಯಿಂಟು. ನಾನು ಸುಮ್ಮನಾದೆ. ಏಕೆಂದರೆ ನನ್ನದೇ ಖಾತೆಯಲ್ಲಿ ಐವತ್ತು ವರ್ಷ ಒಂದು ಬಾಕಿಯಿತ್ತು.

ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಗೆಳೆಯನೊಬ್ಬ 'ಚಂದಮಾಮ'ದ ಧಾರಾವಾಹಿಯೊಂದರ ಹಾಳೆಗಳನ್ನು ಕತ್ತರಿಸಿ ಹೊಲಿದ ಕಟ್ಟೊಂದನ್ನು ಕೊಟ್ಟಿದ್ದ. ಮಾಂತ್ರಿಕರು, ರಾಕ್ಷಸರು, ಕಾಡು, ಹಾಳು ಕೋಟೆ. ಅಂಥ ಧಾರಾವಾಹಿಗಳನ್ನು ತೆಲುಗಿನಲ್ಲಿ ಬರೆಯುತ್ತಿದ್ದವರು ದಾಸರಿ ಸುಬ್ರಹ್ಮಣ್ಯಂ ಎಂಬುದು ತುಂಬ ತಡವಾಗಿ ತಿಳಿಯಿತು. ಪುಟದ ಮೇಲೆ ಹೆಸರೇ ಇರುತ್ತಿರಲಿಲ್ಲ. ಕಟ್ಟಿನಲ್ಲಿ ಕೊನೆಯ ಕಂತು ಇರಲಿಲ್ಲ. ಅದನ್ನೂ ತರುತ್ತೇನೆ ಎಂದಿದ್ದ. ಅಷ್ಟರಲ್ಲಿ ಅಪ್ಪನಿಗೆ ವರ್ಗವಾಯಿತು. ಕಟ್ಟು ನಮ್ಮ ಟ್ರಂಕಿನಲ್ಲೇ ಊರು ಬಿಟ್ಟಿತು.

ನಿವೃತ್ತನಾದ ಮೇಲೆ ಅವನ ಮನೆ ಹುಡುಕಿಕೊಂಡು ಹೋದೆ. ಮುಖ ಗುರುತು ಸಿಗಲಿಲ್ಲ. ಕಟ್ಟು ತೆಗೆದಿಟ್ಟಾಗ ಹೊಲಿಗೆಯನ್ನು ಬೆರಳಿನಿಂದ ಸವರಿ, "ಅಮ್ಮ ಕೌದಿ ದಾರದಲ್ಲಿ ಹೊಲಿದದ್ದು ಕಣೋ" ಎಂದ. ಅದು ಅವನ ಅಣ್ಣನದಂತೆ. ಕೇಳದೆ ತಂದು ನನಗೆ ಕೊಟ್ಟಿದ್ದ. ಗೆದ್ದಲು ತಿಂತು ಎಂದು ಸುಳ್ಳು ಹೇಳಿ ಏಟು ತಿಂದಿದ್ದ. ನನ್ನ ಹೆಸರು ಬಾಯಿ ಬಿಟ್ಟಿರಲಿಲ್ಲ. ಅಣ್ಣ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ನಾನು ತಲೆ ಎತ್ತಲಿಲ್ಲ.

"ಕೊನೇ ಕಂತು ನೀನು ಓದಲೇ ಇಲ್ಲ ಅಲ್ವಾ?" ಎಂದು ಅವನೇ ಮಾತು ಬದಲಿಸಿದ. ಕಾಫಿ ಆರಿಹೋಗುವವರೆಗೂ ಜಗಲಿಯ ಮೇಲೆ ಕೂತು ಕೈ ಬೀಸಿ ಬೀಸಿ ಮುಗಿಯುವ ತನಕ ಹೇಳಿದ. ಚಂದಮಾಮದಲ್ಲಿ ಬಂದ ಮುಕ್ತಾಯ ಅದೇನೋ, ಅರ್ಧ ಅವನೇ ಕಟ್ಟಿದನೋ, ನಾನು ವಿಚಾರಿಸಲು ಹೋಗಿಲ್ಲ.

ಇದನ್ನು ಕೇಳಿ ಸೊಸೆ ಏನೂ ಹೇಳದೆ ಒಳಗೆ ಹೋದಳು. ಹ್ಯಾರಿ ಪಾಟರ್‌ನ ಬೆನ್ನಿಗೆ ನಾನೂ ಮೊಮ್ಮಗನೂ ಮೈದಾ ಅಂಟು, ಹಳೆಯ ಪಂಚೆಯ ತುಂಡು ಹಾಕಿ ಪಟ್ಟಿ ಕಟ್ಟಿದೆವು. ಗೆಳೆಯ ಕೊಟ್ಟ ಪುಸ್ತಕವನ್ನು ಸೋಮವಾರ ಹಿಂದಿರುಗಿಸಬೇಕಿತ್ತು. ಹುಡುಗ ಓದಿ ಮುಗಿಸಿದ್ದಾನೆ. ಆದರೆ ಅದೀಗ ಅವನ ಅಮ್ಮನ ದಿಂಬಿನ ಪಕ್ಕದಲ್ಲಿದೆ. ಇನ್ನೂ ಅರವತ್ತು ಪುಟ ಬಾಕಿಯಿದೆಯಂತೆ.